ಅರ್ಧ ದಿನದ ಪಗಾರ, ಪೂರ್ತಿ ದಿನದ ರೊಟ್ಟಿ

ನೋಡಿ, ಒಂದೂರಲ್ಲಿ ಒಬ್ಬ ಸಾವ್ಕಾರ ಇದ್ದ. ದೊಡ್ಡ ರೊಟ್ಟಿ ಅಂಗಡಿ ಅವನದು. ಮಠದ ದಾಸೋಹಕ್ಕೆ ಅಕ್ಕಿ ಕಳಿಸುವವ, ಪ್ರವಚನಕ್ಕೆ ಬಂದರೆ ಮುಂದಿನ ಸಾಲಿನಲ್ಲೇ ಕೂಡುವವ. ಅವನದಿರಲಿ. ಅವನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನಿಂಬೆವ್ವನ ಕತೆ ಕೇಳಿ.

ನಿಂಬೆವ್ವನ ಗಂಡ ಅಡಿವೆಪ್ಪ ಹಮಾಲಿ. ಲಾರಿಯಿಂದ ಚೀಲ ಇಳಿಸುವಾಗ ಬಿದ್ದು, ಬೆನ್ನು ಮುರಿದು ಹಾಸಿಗೆ ಹಿಡಿದ. ಸರ್ಕಾರದಿಂದ ಮಾಸಾಶನ ಬಂತು. ಅವನ ಔಷಧಕ್ಕೆ ಅದೇ ಆಧಾರ. ಆದರೆ ಆ ಊರಿನ ಕಾನೂನು ಹೇಗಿತ್ತು ಗೊತ್ತೇ? ಹೆಂಡತಿಯ ಗಳಿಕೆ ಮಿತಿ ದಾಟಿದರೆ ಗಂಡನ ಮಾಸಾಶನ ಬಂದ್. ಅಲ್ಲ, ಹೆಂಡತಿ ನಾಲ್ಕು ರೊಟ್ಟಿ ಹೆಚ್ಚು ಬಡಿದರೆ ಗಂಡನ ಬೆನ್ನು ನೆಟ್ಟಗಾಗುತ್ತದೆಯೇನು?

ಅದಕ್ಕೇ ಆಕೆ ಮಧ್ಯಾಹ್ನದವರೆಗೆ ಮಾತ್ರ ದುಡಿದು ಮನೆಗೆ ಹೋಗುತ್ತಿದ್ದಳು. ಓಣಿಯವರು ಮೈಗಳ್ಳಿ ಅಂದರು. ಬಿಟ್ಟಿ ದುಡ್ಡಿನ ರುಚಿ ಹತ್ತಿದೆ ಅಂದರು.

ಲಗ್ನದ ಸೀಜನ್ ಬಂತು, ಅಂಗಡಿಗೆ ಕೆಲಸ ಹೆಚ್ಚಾಯಿತು. ಸಾವ್ಕಾರ ಆಕೆಯನ್ನು ಕರೆದ. "ಇನ್ನ ಮ್ಯಾಲೆ ಸಂಜೀತನಕ ಕೂಡು. ಪಗಾರ ಮಾತ್ರ ಅರ್ಧ ದಿನದ್ದ. ಹೆಚ್ಚು ಕೊಟ್ಟರ ಗಂಡನ ಮಾಸಾಶನ ಹೋಗ್ತದ. ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ."

ಒಳ್ಳೇದಕ್ಕೆ! ಯಾರ ಒಳ್ಳೇದಕ್ಕೆ? ನಿಂಬೆವ್ವನಿಗೆ ತಿಳಿಯದ್ದೇನಲ್ಲ. ಒಲ್ಲೆ ಅಂದರೆ ಇರುವ ಕೆಲಸವೂ ಹೋಗುತ್ತದೆ. ಸಂಜೆಯವರೆಗೆ ಕೂತು ರೊಟ್ಟಿ ಬಡಿದಳು.

ಒಂದು ಸಂಜೆ ಮಾಸಾಶನದ ಕಚೇರಿಯಿಂದ ತಪಾಸಣೆಯ ಸಾಹೇಬರು ಬಂದರು. ಒಲೆಯ ಮುಂದೆ ನಿಂಬೆವ್ವ ಇದ್ದಾಳೆ. ಈಕೆಗೆ ಏನು ಕೊಡುತ್ತೀರಿ ಅಂತ ಸಾವ್ಕಾರನನ್ನು ಕೇಳಿದರು. ನಿಜ ಹೇಳಿದರೆ ಕೂಲಿ ಕದ್ದ ಕಳ್ಳ ಅವನೇ ಆಗುತ್ತಾನೆ. ಏನಂದ? ಪೂರ್ತಿ ದಿನದ ಪಗಾರ ಕೊಡ್ತೀನ್ರಿ ಅಂದ. ನಿಂಬೆವ್ವ ಎದ್ದು ನಿಂತು, ಅದು ಸುಳ್ಳು, ನನಗೆ ಅರ್ಧವೇ ಸಿಗುವುದು ಅಂದಳು. ಸಾಹೇಬರು ಉಳಿದ ಹೆಂಗಸರ ಕಡೆ ತಿರುಗಿದರು. ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ತಲೆ ತಗ್ಗಿಸಿ ಹಿಟ್ಟು ನಾದಿದರು.

ಅಡಿವೆಪ್ಪನ ಮಾಸಾಶನ ನಿಂತಿತು. ಎಂದೂ ಕೈಗೆ ಬಾರದ ಪಗಾರಕ್ಕಾಗಿ ನಿಂತಿತು!

ಮರುದಿನ ಆಕೆ ಸಾವ್ಕಾರನ ಮುಂದೆ ನಿಂತಳು. "ಸಾಹೇಬ್ರ ಮುಂದ ಹೇಳಿದ ಪಗಾರ ಕೊಡ್ರಿ."

"ಅದು ಬರೇ ಬಾಯಿಮಾತು, ಹುಚ್ಚಿ," ಅಂದ ಅವನು.

ನಿಂಬೆವ್ವ ಕೈತೊಳೆದು ಹೊರಬಿದ್ದಳು. ಇವತ್ತು ಮನೆ ಮುಂದೆ ಒಲೆ ಹೂಡಿ ರೊಟ್ಟಿ ಮಾರುತ್ತಾಳೆ. ಊಟಕ್ಕೆ ಸಾಲುತ್ತದೆ, ಔಷಧಕ್ಕೆ ಸಾಲುವುದಿಲ್ಲ. ಅಡಿವೆಪ್ಪ ನೋವಿಗೆ ಹಲ್ಲು ಕಚ್ಚಿಕೊಂಡು ಮಲಗಿದ್ದಾನೆ. ಸಾವ್ಕಾರನ ಅಕ್ಕಿ ಮಠಕ್ಕೆ ತಪ್ಪದೆ ಬರುತ್ತಿದೆ.

ಈಗ ಅವನಿಗೆ ಶಾಪ ಹಾಕುತ್ತಿದ್ದೀರಿ, ಅಲ್ಲವೇ? ತಡೀರಿ. ನಿಮ್ಮ ಮನೆಗೆ ಒಂದು ಹೊತ್ತಿನ ಕೆಲಸಕ್ಕೆ ಬಂದವಳು ದೀಪ ಹಚ್ಚುವ ಹೊತ್ತಿಗೆ ಹೋಗುತ್ತಾಳಲ್ಲ, ಆಕೆಗೆ ಏನು ಕೊಡುತ್ತೀರಿ? ಹಳೇ ಸೀರೆಯೇ? ಪಕ್ಕದ ಮನೆಯವರ ಮಾಸಾಶನ ನೋಡಿ ಹೊಟ್ಟೆ ಉರಿದುಕೊಳ್ಳುವುದು ಬಿಡಿ. ಕಣ್ಣೆದುರಿನ ಸುಳ್ಳಿಗೆ ತಲೆ ತಗ್ಗಿಸುವುದು ಬಿಡಿ. ಗಂಡನ ಔಷಧ, ಹೆಂಡತಿಯ ದುಡಿಮೆ, ಎರಡರಲ್ಲಿ ಒಂದನ್ನು ಬಿಡು ಅನ್ನುವ ಕಾನೂನಿದ್ದರೆ, ಅದನ್ನು ಬದಲಿಸಿ ಅಂತ ಆಕೆಯ ಜೊತೆ ಕಚೇರಿಗೆ ನಡೆಯಿರಿ. ದುಡಿದವಳ ಕೂಲಿ ದಾನವಲ್ಲ, ಆಕೆಯದು.

ನಾಳೆ ಪ್ರವಚನಕ್ಕೆ ತಡವಾಗಿ ಬಂದರೂ ಅಡ್ಡಿಯಿಲ್ಲ. ಮೊದಲು ಆಕೆಯ ಕೂಲಿ ಕೊಟ್ಟು ಬನ್ನಿ.