ಒಂಟಿ ಸಾಲಿನಲ್ಲಿ ಗಂಡ ಹೆಂಡತಿ

ಹೇಳಿಕೆ ಕೊಡುವವನು: ಡ್ರೈವಿಂಗ್ ಸ್ಕೂಲಿನ ತರಬೇತುದಾರ. ವಯಸ್ಸು: ನಲವತ್ತಾರು. ವಾಸ: ಬಸ್ ಡಿಪೊ ಹಿಂದಿನ ಬೀದಿ, ಔಷಧಿ ಅಂಗಡಿಯ ಮೇಲಿನ ಮಹಡಿ.

ಈ ಮೂಲಕ ನಾನು ಠಾಣೆಗೆ ತಿಳಿಸುವುದೇನೆಂದರೆ, ಇಂದು ಭಾನುವಾರ ಮಧ್ಯಾಹ್ನ ಇಲ್ಲಿನ ಥೀಮ್ ಪಾರ್ಕಿನ ದೊಡ್ಡ ರೋಲರ್ ಕೋಸ್ಟರಿನಲ್ಲಿ ನನ್ನ ಹೆಂಡತಿಯನ್ನು ನನ್ನ ಜೊತೆ ಕೂರಲು ಬಿಡದೆ, ಗುರುತು ಪರಿಚಯವಿಲ್ಲದ ಗಂಡಸಿನ ಪಕ್ಕದಲ್ಲಿ ಕೂರಿಸಿದ್ದಾರೆ. ಆ ಗಂಡಸು ಆಕೆಯ ಕೈ ಹಿಡಿದಿದ್ದಾನೆ. ಫೋಟೊ ಸಾಕ್ಷಿ ಇದೆ. ನನ್ನ ಹೆಂಡತಿ ಈಗ ನನ್ನ ಜೊತೆ ಮನೆಗೆ ಬರುವುದಿಲ್ಲ, ತಂಗಿಯ ಮನೆಗೆ ಹೋಗುತ್ತೇನೆ ಎನ್ನುತ್ತಿದ್ದಾಳೆ. ಇದಕ್ಕೆಲ್ಲ ಪಾರ್ಕಿನವರೇ ಹೊಣೆ.

ಬೆಳಿಗ್ಗೆ ಹತ್ತು ಗಂಟೆಗೆ ನಾನು, ನನ್ನ ಹೆಂಡತಿ, ನಾದಿನಿ ಮತ್ತು ಆಕೆಯ ಗಂಡ, ಅಂದರೆ ನನ್ನ ಷಡ್ಡಕ, ಒಂದೇ ಕಾರಿನಲ್ಲಿ ಬಂದೆವು. ಕಾರು ಷಡ್ಡಕನದು. ಒಳಗೆ ಬಂದ ಮೇಲೆ ನೋಡಿದರೆ ಅವರಿಬ್ಬರ ಮಣಿಕಟ್ಟಿನಲ್ಲಿ ಕಿತ್ತಳೆ ಬಣ್ಣದ ಪಟ್ಟಿ. ಅದು ಫಾಸ್ಟ್ ಪಾಸ್ ಎಂದೂ, ಮೊದಲೇ ತೆಗೆದುಕೊಂಡಿದ್ದೆನೆಂದೂ ಅವನು ಹೇಳಿದ. ನಮಗೂ ತೆಗೆಯಬಹುದಿತ್ತಲ್ಲ ಎಂದು ಕೇಳಿದ್ದಕ್ಕೆ, ನಿಮಗೆ ಇಂಥದ್ದೆಲ್ಲ ಸೇರಲ್ಲ ಅಂದ್ಕೊಂಡೆ ಅಣ್ಣ ಎಂದು ನಕ್ಕ. ನನಗೆ ಅವನ ಮೇಲೆ ಹೊಟ್ಟೆಕಿಚ್ಚಿಲ್ಲ. ಇನ್‌ಸ್ಪೆಕ್ಟರ್ ಸಾಹೇಬರು ಕೇಳಿದರೆಂದು ಹೇಳಿದ್ದೇನೆ ಅಷ್ಟೆ.

ಮನೆಗೊಂದು ಪಾಸ್ ಇದ್ದರೆ ಮನೆಮಂದಿಯೆಲ್ಲ ಹೋಗಬಹುದು ಎಂದು ನಾನು ತಿಳಿದಿದ್ದೆ. ಆದ್ದರಿಂದ ಅವರ ಹಿಂದೆಯೇ ರೋಲರ್ ಕೋಸ್ಟರಿನ ಪಾಸಿನ ಸಾಲಿಗೆ ಹೋದೆವು. ಗೇಟಿನ ಹುಡುಗಿ ತಡೆದು, ಒಂದು ಕೈಗೆ ಒಂದು ಪಟ್ಟಿ, ಒಂದು ಪಟ್ಟಿಗೆ ಒಬ್ಬರು ಎಂದಳು. ಹಾಗಾದರೆ ನೀನು ಒಳಗೆ ಹೋದ ಮೇಲೆ ಪಟ್ಟಿ ಬಿಚ್ಚಿ ಇತ್ತ ಎಸೆ ಎಂದು ಷಡ್ಡಕನಿಗೆ ಹೇಳಿದೆ. ಬಿಚ್ಚಿದರೆ ಹರಿಯುತ್ತದೆ, ಹರಿದರೆ ನಡೆಯುವುದಿಲ್ಲ ಎಂದು ಹುಡುಗಿಯೇ ಉತ್ತರ ಕೊಟ್ಟಳು. ಷಡ್ಡಕ ಕೈ ಬೀಸಿ ಹೋದ. ಪಾಸ್ ಇದ್ದವರು ಕಾಯಬೇಕಿಲ್ಲ ಎಂಬುದೂ ಸುಳ್ಳು. ಅವರ ಸಾಲು ಕೂಡ ಇಪ್ಪತ್ತು ನಿಮಿಷ ಅಲ್ಲಾಡಲಿಲ್ಲ. ಅದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ನಾವು ಸಾಮಾನ್ಯ ಸಾಲಿನಲ್ಲಿ ನಿಂತೆವು. ಒಂದೂವರೆ ಗಂಟೆ ಆಗುತ್ತದೆ ಎಂದು ಬೋರ್ಡಿನಲ್ಲಿತ್ತು. ಅರ್ಧ ದಾರಿಯಲ್ಲಿ ಬಾಯಾರಿಕೆಯಾಗಿ, ನಮ್ಮ ಜಾಗದ ಗುರುತಿಗೆ ಕಂಬಿಗೆ ನೀರಿನ ಖಾಲಿ ಬಾಟಲಿ ಸಿಕ್ಕಿಸಿ, ಇಬ್ಬರೂ ಜ್ಯೂಸ್ ಕುಡಿಯಲು ಹೋದೆವು. ಬಾಟಲಿ ಇಟ್ಟರೆ ಜಾಗ ನಮ್ಮದೇ ಎಂದು ನಂಬಿದ್ದೆ. ತಿರುಗಿ ಬಂದಾಗ ಟೋಪಿ ಹಾಕಿದ್ದ ಒಬ್ಬ ಅಜ್ಜಿ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, ನಿಂತಿದ್ದು ಬಾಟಲಿ ತಾನೆ, ಅದನ್ನೇ ಕೂರಿಸಿ ಕಳಿಸೋಣ, ನೀವು ಹಿಂದೆ ಹೋಗಿ ನಿಲ್ರಪ್ಪ ಎಂದರು. ಸುತ್ತಲಿದ್ದವರು ನಕ್ಕರು. ನನ್ನ ಹೆಂಡತಿಯೂ ನಕ್ಕಳು.

ಆಗ ಬಲಗಡೆ ಇನ್ನೊಂದು ಸಾಲು ಕಂಡಿತು. ಅದರಲ್ಲಿ ಮೂರೋ ನಾಲ್ಕೋ ಜನ. ಒಬ್ಬೊಬ್ಬರೇ ಬಂದವರ ಸಾಲು, ಅಲ್ಲಿನವರ ಮಾತಿನಲ್ಲಿ ಒಂಟಿ ಸಾಲು. ಕೋಸ್ಟರಿನ ರೈಲಿನಲ್ಲಿ ಎಲ್ಲಾದರೂ ಒಂದು ಸೀಟು ಖಾಲಿ ಉಳಿದರೆ ಅದನ್ನು ತುಂಬಲು ಅಲ್ಲಿಂದ ಒಬ್ಬರನ್ನು ಕರೆಯುತ್ತಾರೆ. ಜೊತೆಯಲ್ಲಿ ಕೂರಿಸಲ್ಲ ಸರ್, ಆಮೇಲೆ ಹೇಳಲಿಲ್ಲ ಅನ್ನಬೇಡಿ ಎಂದು ಅಲ್ಲಿದ್ದ ಹುಡುಗಿ ಹೇಳಿದ್ದು ನಿಜ. ಎರಡು ಸಲ ಹೇಳಿದ್ದೂ ನಿಜ. ಮೇಲೆ ಹೋದ ಮೇಲೆ ಅಡ್ಜಸ್ಟ್ ಮಾಡುತ್ತಾರೆ ಎಂದು ನಾನು ಎಣಿಸಿದ್ದೆ. ಮೊದಲಿನ ಸಾಲಲ್ಲೇ ನಿಂತು ಹೋಗೋಣ ರೀ ಎಂದು ಹೆಂಡತಿ ಹೇಳಿದಳು. ನಿನಗೇನೂ ಗೊತ್ತಾಗಲ್ಲ, ಸುಮ್ಮನೆ ಬಾ ಎಂದೆ. ಸುಮ್ಮನೆ ಬಂದಳು.

ಮೇಲೆ ರೈಲು ಹತ್ತಿಸುವ ಆಳು ಒಂದು ಬೆರಳು ತೋರಿಸಿ ಮೊದಲ ಸಾಲಿಗೆ ಒಬ್ಬರು ಎಂದ. ನಾನು ಹೆಜ್ಜೆ ಇಡುವಷ್ಟರಲ್ಲಿ ನನ್ನ ಹೆಂಡತಿಯನ್ನು ಕರೆದ. ಆಮೇಲೆ ನನ್ನನ್ನು ಮೂರನೇ ಸಾಲಿಗೆ ಕಳಿಸಿದ. ನಾವು ಗಂಡ ಹೆಂಡತಿ ಕಣಪ್ಪ ಎಂದು ಕೂಗಿ ಹೇಳಿದೆ. ಅವನು ಹೇಳಿದ ಮಾತನ್ನು ಹಾಗೆಯೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ: "ಒಂಟಿ ಸಾಲಲ್ಲಿ ಗಂಡ ಹೆಂಡ್ತಿ ಅಂತ ಇರಲ್ಲ ಸರ್, ಬೇಗ ಕೂತ್ಕೊಳ್ಳಿ."

ಹೆಂಡತಿಯ ಪಕ್ಕದಲ್ಲಿದ್ದವನು ಹಳದಿ ಟೀ ಶರ್ಟಿನವನು. ಮೂವತ್ತು ವರ್ಷ ಇರಬಹುದು. ತಲೆ ತುಂಬ ಕೂದಲು. ಇದನ್ನೂ ಬರೆಯಬೇಕೆ ಎಂದು ಬರೆದುಕೊಳ್ಳುತ್ತಿರುವ ಪೇದೆ ಕೇಳಿದರು. ಬರೆಯಿರಿ ಎಂದೆ.

ನನ್ನ ಪಕ್ಕದಲ್ಲಿ ಯಾರಿದ್ದರೆಂದು ನನಗೆ ನೆನಪಿಲ್ಲ. ನಾನು ಮುಂದೆ ನೋಡುತ್ತಿದ್ದೆ. ರೈಲು ಕಟಕಟ ಎಂದು ಮೇಲೆ ಹತ್ತುವಾಗ ಅವಳು ಅವನ ಕಡೆ ತಿರುಗಿ ಏನೋ ಹೇಳಿದಳು. ತುದಿಯಲ್ಲಿ ಒಂದು ಕ್ಷಣ ನಿಂತಿತು. ನನ್ನ ಹೆಂಡತಿ ಬಲಗೈಯನ್ನು ಪೂರ್ತಿ ಮೇಲೆತ್ತಿದಳು. ನಾನು ಕಾರು ಓಡಿಸುವಾಗ ಅವಳು ಬಾಗಿಲ ಮೇಲಿನ ಹಿಡಿ ಬಿಟ್ಟವಳಲ್ಲ. ಹಿಡ್ಕೋ, ಹಿಡ್ಕೋ ಎಂದು ಕೂಗಿದೆ. ನನ್ನ ಬಲಗಾಲು ತಾನಾಗಿಯೇ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಕಲಿಯುವವರ ಪಕ್ಕದಲ್ಲಿ ಕೂತು ಕೂತು ಬಂದ ಅಭ್ಯಾಸ. ರೈಲು ಇಳಿಯಿತು. ಆಮೇಲಿನದು ನನಗೆ ಸರಿಯಾಗಿ ತಿಳಿಯದು, ಕಣ್ಣಲ್ಲಿ ನೀರು ಬಂದಿತ್ತು. ಗಾಳಿಗೆ ಬಂದಿದ್ದು.

ಕೆಳಗೆ ಫೋಟೊ ಕೌಂಟರಿನ ಪರದೆಯಲ್ಲಿ ನಮ್ಮ ರೈಲಿನ ಚಿತ್ರ ಬಂತು. ಹಳದಿ ಶರ್ಟಿನವನು ಕಣ್ಣು ಮುಚ್ಚಿ ಎರಡೂ ಕೈಯಲ್ಲಿ ನನ್ನ ಹೆಂಡತಿಯ ಎಡಗೈ ಹಿಡಿದಿದ್ದ. ಅವಳು ನಗುತ್ತಿದ್ದಳು. ದವಡೆಹಲ್ಲು ಕಾಣುವಷ್ಟು ನಗು. ಮದುವೆಯಾಗಿ ಹದಿನಾರು ವರ್ಷ, ನಾನು ಆ ಹಲ್ಲನ್ನು ನೋಡಿಲ್ಲ. ನೋಡಿದವನು ಅವನು, ಅದೂ ಕಣ್ಣು ಮುಚ್ಚಿಕೊಂಡು. ಹೆಂಡತಿ ತನ್ನ ಪರ್ಸಿನಿಂದ ದುಡ್ಡು ತೆಗೆದು ಆ ಫೋಟೊ ಕೊಂಡಳು. ಅವನು ಏನು ಹೇಳಿದ, ಯಾಕೆ ಅಷ್ಟು ನಕ್ಕೆ ಎಂದು ಕೇಳಿದೆ. ಏನೂ ಇಲ್ಲ ಎಂದಳು. ಮತ್ತೆ ಕೇಳಿದೆ. ಎಷ್ಟನೆಯ ಸಲ ಕೇಳಿದಾಗ ಅವಳ ಮುಖ ಮೊದಲಿನಂತೆ ಆಯಿತು ಎಂದು ಹೇಳಲಾರೆ.

ಹಳದಿ ಶರ್ಟಿನವನನ್ನು ಕಾರಂಜಿಯ ಹತ್ತಿರ ಹಿಡಿದು ಕೇಳಿದೆ. ಹೊಡೆದಿಲ್ಲ. ರೈಲಿನಿಂದ ಇಳಿದ ಮೇಲೆ ಅವನು ಹಾಕಿಕೊಂಡಿದ್ದ ಟೋಪಿಯನ್ನು ಮಾತ್ರ ನೀರಿಗೆ ಎಸೆದಿದ್ದೇನೆ. ಅಕ್ಕ ಇಲ್ಲದಿದ್ದರೆ ಹೆದರಿ ಸತ್ತೇ ಹೋಗುತ್ತಿದ್ದೆ, ಅವರೇ ಕೈ ಕೊಟ್ಟರು ಎಂದ. ಅಕ್ಕ ಎಂದು ಬಾಯಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಪಾರ್ಕಿನ ಕಾವಲುಗಾರರು ಓಡಿಬಂದರು. ಆ ಗಲಾಟೆಯಲ್ಲಿ ತಿರುಗಿ ನೋಡಿದರೆ ಹೆಂಡತಿ ಪಕ್ಕದಲ್ಲಿ ಇರಲಿಲ್ಲ. ಮೇಲೆ ರೈಲು ಹೋಗುತ್ತಿತ್ತು. ಅವಳು ಒಬ್ಬಳೇ ಮತ್ತೆ ಒಂಟಿ ಸಾಲಿಗೆ ಹೋಗಿ ಹತ್ತಿದ್ದಳು. ಈ ಸಲ ಪಕ್ಕದಲ್ಲಿ ಒಬ್ಬ ಬಿಳಿಗಡ್ಡದ ಮುದುಕ. ಈ ಸಲ ಎರಡೂ ಕೈ ಮೇಲೆ. ಹಾಗಾದರೆ ಆ ಮುದುಕನೂ ಏನೋ ಹೇಳಿರಲೇಬೇಕು.

ಇಳಿದು ಬಂದು, ನನ್ನನ್ನು ಠಾಣೆಗೆ ಕರೆದೊಯ್ಯುತ್ತಿದ್ದಾರೆಂದು ತಿಳಿದಾಗ, ಇವತ್ತು ತಂಗಿ ಮನೆಗೆ ಹೋಗ್ತೀನಿ ರೀ ಎಂದಳು. ಎಷ್ಟು ದಿನ ಎಂದು ಕೇಳಿದೆ. ಅವಳು ಹೋಗಿ ತಂಗಿಯ ಪಕ್ಕ ನಿಂತಳು. ಷಡ್ಡಕ ನೆಲ ನೋಡುತ್ತಿದ್ದ. ಅವನು ನಕ್ಕಿದ್ದರೇ ಚೆನ್ನಾಗಿತ್ತು.

ನಿಮಗೆ ಏನು ಕ್ರಮ ಬೇಕು ಎಂದು ಸಾಹೇಬರು ಕೇಳಿದರು. ಹಳದಿ ಶರ್ಟಿನವನನ್ನು ಒಳಗೆ ಹಾಕಿ ಎಂದು ನಾನು ಕೇಳುವುದಿಲ್ಲ. ಟೋಪಿಯ ಬೆಲೆ ಕೊಡುತ್ತೇನೆ. ನನ್ನ ಬೇಡಿಕೆ ಒಂದೇ. ಅವನು ಅಲ್ಲಿ ಏನು ಹೇಳಿ ಅವಳನ್ನು ನಗಿಸಿದ ಎಂಬುದನ್ನು ಪೊಲೀಸರು ವಿಚಾರಿಸಿ ನನಗೆ ತಿಳಿಸಬೇಕು. ಗೊತ್ತಾದರೆ ನಾನೂ ಅದನ್ನೇ ಹೇಳುತ್ತೇನೆ.

ಸಾಹೇಬರ ಸೂಚನೆಯಂತೆ ಮಹಿಳಾ ಪೇದೆಯವರು ಹೊರಗೆ ಬೆಂಚಿನ ಮೇಲಿದ್ದ ನನ್ನ ಹೆಂಡತಿಯನ್ನು ಕೇಳಿ ಬಂದು ತಿಳಿಸಿದ್ದೇನೆಂದರೆ: ಆತ ಏನೂ ಹೇಳಲಿಲ್ಲ. ಆ ಮುದುಕರೂ ಹೇಳಲಿಲ್ಲ. ಅಲ್ಲಿ ಕೂತಿದ್ದಷ್ಟು ಹೊತ್ತು ತನಗೆ ಯಾರೂ ಏನೂ ಹೇಳಲಿಲ್ಲ. ಇಷ್ಟು ಹೇಳಿ ತಂಗಿಯ ಜೊತೆ ಹೊರಟುಹೋದಳಂತೆ.

ಈ ಕೊನೆಯ ಭಾಗವನ್ನು ಹೊಡೆದುಹಾಕಿ ಎಂದು ಕೇಳಿದೆ. ಒಮ್ಮೆ ಬರೆದದ್ದನ್ನು ಹೊಡೆಯುವಂತಿಲ್ಲ, ನಿಜವಲ್ಲದಿದ್ದರೆ ಹೇಳಿ ಎಂದರು. ಮೊದಲಿನಿಂದ ಕೊನೆಯವರೆಗೆ ನನಗೆ ಓದಿ ಹೇಳಿದ್ದಾರೆ. ನಿಜವಾಗಿದೆ.

ಸ್ಥಳ: ಪಾರ್ಕಿನ ಪಕ್ಕದ ಪೊಲೀಸ್ ಹೊರಠಾಣೆ
ದಿನ: ಭಾನುವಾರ, ಸಂಜೆ ಐದೂಮುಕ್ಕಾಲು
ಹೇಳಿಕೆ ಕೊಟ್ಟವನ ಸಹಿ