ಮಂಕರಿ ಕೆಳಗಿನ ಕೋಳಿ

ಹೂಂ ಅನ್ನುವವರು ಮುಂದೆ ಬನ್ನಿ, ಆಕಳಿಸುವವರು ಹಿಂದೆ ಹೋಗಿ. ಕಥೆ ನನ್ನದು, ಕಿವಿ ನಿಮ್ಮದು, ಸಿಟ್ಟು ಇಬ್ಬರದೂ.

ಒಂದಾನೊಂದು ಊರು. ಯಾವ ಊರು? ಹೆಸರು ಹೇಳಿದರೆ ಆ ಊರಿನವರು ಬಂದು ನನ್ನ ಕಾಲು ಮುರಿಯುತ್ತಾರೆ. ಮುರಿಯಲಾರರು ಬಿಡಿ! ಈ ಕಾಲನ್ನು ಕಚ್ಚಿದ ಮೊಸಳೆ ಹಲ್ಲು ಉದುರಿಸಿಕೊಂಡು ಇವತ್ತಿಗೂ ಗಂಜಿ ಕುಡಿಯುತ್ತಿದೆ. ಆದರೂ ಹೆಸರು ಬೇಡ.

ಆ ಊರಿನ ಪಟೇಲನ ಹೆಂಡತಿ ದ್ಯಾವೀರಮ್ಮ. ಅವಳ ಹಿತ್ತಲಲ್ಲಿ ಒಂದು ಕೋಳಿ. ಕಾಲಿಗೆ ದಾರ ಕಟ್ಟಿ ಗೂಟಕ್ಕೆ ಬಿಗಿದು, ದಿನಾ ಬೊಗಸೆ ಬೊಗಸೆ ಕಡಲೆಕಾಯಿ ಬೀಜ ಹಾಕುತ್ತಿದ್ದಳು. ಎಂಥ ಕೋಳಿ ಅಂತೀರಿ! ಕೂತರೆ ಒರಳುಕಲ್ಲು. ಒಂದು ದಿನ ಬೇಲಿಯಾಚೆಯಿಂದ ಹಲಗವ್ವ ಅನ್ನುವವಳು, "ಏನ್ ಚೆಂದಾಗೈತೆ ಕಣವ್ವ ನಿನ್ ಕೋಳಿ" ಅಂದಳು. ಬೆಳಗಾಗುವಷ್ಟರಲ್ಲಿ ಕೋಳಿ ಸತ್ತು ಬಿದ್ದಿತ್ತು.

ಕಣಿ ಹೇಳುವ ಬುಡ್ಡಯ್ಯ ಬಂದ. ಕವಡೆ ಎಸೆದ. "ದೃಷ್ಟಿ! ಕೆಟ್ಟ ಕಣ್ಣು! ಈ ಕೋಳೀನ ಕೊಯ್ಯಬ್ಯಾಡಿ. ಕೊಯ್ದೋರ ಮನೆಗೆ ಕೇಡು. ಹೊತ್ತು ಮುಳುಗೋದ್ರೊಳಗೆ ಹೂತಾಕಿ. ಇನ್ನೊಂದು ತಂದ್ರೆ ಚೆನ್ನಾಗಿ ತಿನ್ನಿಸಿ, ದೃಷ್ಟಿ ತಡೆಯೋಕೆ ಮೈಯಾಗೆ ಕಸುವು ಬೇಕು" ಅಂದ. ಕೋಳಿಯನ್ನು ಹೂತರು. ಹಲಗವ್ವನನ್ನು ಊರಾಚೆ ಅಟ್ಟಿದರು.

ಎರಡನೆಯ ಕೋಳಿ ಬಂತು. ಯಾರ ಕಣ್ಣೂ ಬೀಳದಿರಲಿ ಎಂದು ದ್ಯಾವೀರಮ್ಮ ಅದರ ಮೇಲೆ ದೊಡ್ಡ ಬಿದಿರು ಮಂಕರಿ ಕವುಚಿದಳು. ಕಡಲೆಕಾಯಿ ಬೀಜದ ಜೊತೆಗೆ ಕೊಬ್ಬರಿ ಹಾಕಿದಳು. ಕೆಂಡ ಕೇಳಲು ಬಂದ ಚಿಕ್ಕತಾಯಿ ಅನ್ನುವವಳು ಮಂಕರಿಯ ಸಂದಿಯಿಂದ ಒಮ್ಮೆ ಇಣುಕಿದಳು. ಕೋಳಿ ಸತ್ತಿತು. ಕವಡೆ ಬಿತ್ತು. ಚಿಕ್ಕತಾಯಿ ಕಂಕುಳಲ್ಲಿ ಕೂಸು, ತಲೆ ಮೇಲೆ ಗಡಿಗೆ ಹೊತ್ತುಕೊಂಡು ಊರು ಬಿಟ್ಟಳು.

ಮೂರನೆಯದು ಬಂತು. ಅದನ್ನು ಕತ್ತಲ ಕೋಣೆಯೊಳಗೆ ಇಟ್ಟು, ಅಲ್ಲೂ ಮಂಕರಿ ಕವುಚಿದಳು. ಕಡಲೆಕಾಯಿ ಬೀಜ, ಕೊಬ್ಬರಿ, ಮೇಲೆ ತುಪ್ಪದ ಅನ್ನ! ಪಕ್ಕದ ಮನೆಯ ಸಾಕವ್ವ ಅದನ್ನು ನೋಡಿದಳೇ? ಇಲ್ಲ. ಹೊಗಳಿದಳೇ? ಇಲ್ಲ. ಗೋಡೆಯಾಚೆ ಒಮ್ಮೆ ಕೆಮ್ಮಿದ್ದಳು, ಅಷ್ಟೆ. ಕೋಳಿ ಸತ್ತಿತು. ಜನ ಸಾಕವ್ವನ ಮನೆಗೆ ನುಗ್ಗಿ ಅವಳ ಪಾತ್ರೆ ಪಡಗ ಬೀದಿಗೆ ಎಸೆದರು.

ನಗ್ತೀರಾ? ನಗಬೇಡಿ! ಒಬ್ಬಳನ್ನು ಓಡಿಸಿದರು, ಇಬ್ಬರನ್ನು ಓಡಿಸಿದರು, ಮೂರನೆಯವಳ ಹೊಸ್ತಿಲು ತುಳಿದರು. ಅಷ್ಟು ದೊಡ್ಡ ಊರಲ್ಲಿ ಒಂದೇ ಒಂದು ನಾಲಿಗೆ ಅಡ್ಡ ಬರಲಿಲ್ಲ. ಹೇಳುವಾಗ ಈಗಲೂ ಮೈ ಉರಿಯುತ್ತದೆ ನನಗೆ. ಬಡವರ ಕೋಪ ದವಡೆಗೆ ಮೂಲ ಅಂತಾರಲ್ಲ, ಅವತ್ತು ಆ ಗಾದೆ ಸುಳ್ಳಾಯಿತು. ಸಾಕವ್ವ ಬೀದಿಯಲ್ಲಿ ಬಿದ್ದಿದ್ದ ತನ್ನ ಈಳಿಗೆಮಣೆ ಎತ್ತಿಕೊಂಡು ನೆಟ್ಟಗೆ ಪಟೇಲನ ಅಂಗಳಕ್ಕೆ ಬಂದಳು.

"ತನ್ರೋ ಆ ಕೋಳೀನ!"

"ಕೊಯ್ದೋರ ಮನೆಗೆ ಕೇಡು!" ಬುಡ್ಡಯ್ಯ ಕಿರುಚಿದ.

"ನನ್ ಮನೇನ ನೀವೇ ಕಿತ್ತಾಕಿದ್ದೀರಲ್ಲ, ಇನ್ನು ಕೇಡು ಬಂದು ಎಲ್ಲಿ ಕೂತ್ಕೊಂಡಾತು?"

ನಾನು ಅಲ್ಲೇ ಇದ್ದೆ. ನಾನಿಲ್ಲದೆ ಲೋಕದಲ್ಲಿ ಏನು ನಡೆದೀತು? ಮೀಸೆ ತಿರುವಿ ಮುಂದೆ ಬಂದೆ. "ತಾಯಿ, ಆನೆ ಹೊಟ್ಟೆ ಕೊಯ್ದು ಅದರೊಳಗೆ ಒಂದು ನಿದ್ದೆ ತೆಗೆದು ಬಂದವನು ನಾನು. ನಾನೇ ಕೊಯ್ಯಲಾ?"

"ನೀನು ಕೊಯ್ಯೋದೆಲ್ಲ ಬಾಯಲ್ಲೇ ಕಣಣ್ಣ. ಕಾಲು ಹಿಡ್ಕೊ, ಸಾಕು."

ಹಿಡಿದೆ. ನನ್ನ ಹಿಡಿತಕ್ಕೆ ಸತ್ತ ಕೋಳಿಯೂ ಅಯ್ಯೋ ಅಂದಿತು. ಯಾರಿಗೂ ಕೇಳಿಸಲಿಲ್ಲ, ನನಗೆ ಕೇಳಿಸಿತು.

"ವಿಷ ಹಾಕಿದ್ದಾಳೆ ಮುಂಡೆ" ಅಂದಳು ದ್ಯಾವೀರಮ್ಮ. ಸಾಕವ್ವ ಕೊರಳ ಬುಡದ ಕಾಳಿನ ಚೀಲ ಸೀಳಿದಳು. ಘಮ್ಮೆಂದು ತುಪ್ಪದ ವಾಸನೆ. ಅನ್ನ, ಕೊಬ್ಬರಿ ಚೂರು. "ಇದು ಯಾರ ಮನೆ ತುಪ್ಪ? ನಾನು ಗಂಜಿಗೆ ಉಪ್ಪು ಹುಡುಕೋಳು!"

"ಮಾಟ ಮಾಡಿದ್ದಾಳೆ. ಒಳಗೆ ಸೂಜಿ ಇರ್ತದೆ, ಕೂದಲು ಇರ್ತದೆ" ಅಂದ ಬುಡ್ಡಯ್ಯ. ಕಾಳು ಅರೆಯುವ ಗಟ್ಟಿ ಹೊಟ್ಟೆಯನ್ನು ಸೀಳಿದಳು. ಸೂಜಿ ಇಲ್ಲ, ಕೂದಲು ಇಲ್ಲ. ಒಂದೆರಡು ಹರಳುಕಲ್ಲು.

"ಹಂಗಾದ್ರೆ ಕಣ್ಣೇ! ಕೆಟ್ಟ ಕಣ್ಣು ಕೊಯ್ದರೆ ಕಾಣ್ತದಾ?" ಬುಡ್ಡಯ್ಯ ಬಿಡಲಿಲ್ಲ.

"ಕಾಣ್ತದೋ ಇಲ್ವೋ, ನೋಡೇಬಿಡಾನ" ಎಂದು ಕೆಳಹೊಟ್ಟೆಯನ್ನು ಈಳಿಗೆಗೆ ಒತ್ತಿದಳು. ಅಂಗೈ ದಪ್ಪ ಹಳದಿ ಕೊಬ್ಬು. ಅದರ ಹಿಂದೆ ಹೆಪ್ಪುಗಟ್ಟಿದ ರಕ್ತ, ಹಿಡಿಯಷ್ಟು. ಅದನ್ನು ಸರಿಸಿ ಕಾರ್ಜ ಎತ್ತಿದಳು. ಕಾರ್ಜ ಗೊತ್ತಲ್ಲ? ಮೊದಲು ಹುರಿದು ಮಕ್ಕಳ ತಟ್ಟೆಗೆ ಹಾಕುತ್ತೀರಲ್ಲ, ಆ ಮೆತ್ತನೆಯ ತುಂಡು.

"ಅಕ್ಕದಿರಾ, ಕೋಳಿ ಕಾರ್ಜ ಯಾವ ಬಣ್ಣ?"

"ಕೆಂಪು" ಅಂದಳೊಬ್ಬಳು. "ಕರಿಗೆಂಪು" ಅಂದಳು ಇನ್ನೊಬ್ಬಳು.

"ಇದು?"

ಎಲ್ಲರೂ ಬಗ್ಗಿ ನೋಡಿದರು. ಬೆಣ್ಣೆಯ ಹಾಗೆ ಹಳದಿ. ಬೆರಳಿಟ್ಟರೆ ಪುಡಿಪುಡಿ. ನಡುವೆ ಒಡೆದ ಬಿರುಕು, ಬಿರುಕಿಗೆ ಅಂಟಿದ ರಕ್ತ.

"ಮಗಳ ಥರ ಸಾಕಿದ್ನಲ್ಲೇ!" ದ್ಯಾವೀರಮ್ಮ ಗೋಳಿಟ್ಟಳು.

"ಮಗಳನ್ನ ಮಂಕರಿ ಕೆಳಗೆ ಸಾಕ್ತಾರೇನಮ್ಮ? ಕೆದಕೋಕೆ ಮಣ್ಣು ಕೊಡ್ಲಿಲ್ಲ, ಓಡಾಡೋಕೆ ಅಂಗಳ ಕೊಡ್ಲಿಲ್ಲ, ಬರೀ ತುರುಕಿದಿ. ಕೊಬ್ಬು ಏರಿ ಕಾರ್ಜ ಒಡೀತು. ಒಂದು ಸತ್ತಾಗ ಇನ್ನಷ್ಟು ಮುಚ್ಚಿದಿ, ಇನ್ನಷ್ಟು ತಿನ್ನಿಸಿದಿ. ಇನ್ನೊಂದು ಸತ್ತಿತು." ಆಮೇಲೆ ಹೆಂಗಸರ ಕಡೆ ತಿರುಗಿದಳು. "ನಿಮ್ಮಲ್ಲಿ ಕೋಳಿ ಕೊಯ್ಯದೋಳು ಯಾರು? ಎಲ್ಲರಿಗೂ ಗೊತ್ತು ಕಾರ್ಜದ ಬಣ್ಣ. ಮೂರು ಸಲಾನೂ ಬೈಯೋಕೆ ಬಾಯಿ ತೆಗೆದ್ರಿ. ಒಬ್ಬಳಾದ್ರೂ ಹೊಟ್ಟೆ ತೆಗೆದು ನೋಡಿದ್ರಾ?"

ಅಷ್ಟರಲ್ಲಿ ನೋಡುತ್ತೇವೆ, ಬುಡ್ಡಯ್ಯನ ಕವಡೆ ಇತ್ತು, ಬುಡ್ಡಯ್ಯ ಇರಲಿಲ್ಲ.

ಪಟೇಲ ಗಂಟಲು ಸರಿಮಾಡಿಕೊಂಡ. "ಆಯ್ತು ಸಾಕವ್ವ. ನಿಂದೇನೂ ತಪ್ಪಿಲ್ಲ. ಮನೆಗೆ ಹೋಗು."

"ನಾನು ಹೋಗ್ತೀನಿ ಬುದ್ಧಿ. ಅವರಿಬ್ಬರು ಯಾವ ಮನೆಗೆ ಹೋಗ್ಬೇಕು?" ಅಂದವಳೇ ಅಂಗಳದ ನಡುವೆ ಕೂತುಬಿಟ್ಟಳು. "ಅಟ್ಟಿದೋರೇ ಹೋಗಿ ಕರ್ಕೊಂಡು ಬರ್ಲಿ. ಅಲ್ಲೀಗಂಟ ಏಳಲ್ಲ."

ಎಬ್ಬಿಸಲು ಬಂದವರು ಅವಳ ಮುಖ ನೋಡಿ ಹಿಂದೆ ಸರಿದರು. ಹುಲಿಯ ಮೀಸೆ ಕಿತ್ತು ಹಲ್ಲುಕಡ್ಡಿ ಮಾಡಿಕೊಂಡವನು ನಾನು; ನಾನೂ ಸರಿದೆ.

ಕೊನೆಗೆ ದ್ಯಾವೀರಮ್ಮನೇ ಬರಿಗಾಲಲ್ಲಿ ಹೊರಟಳು. ಹಲಗವ್ವ ಅಳುತ್ತಾ ಬಂದಳು. ಚಿಕ್ಕತಾಯಿ ಅಳಲಿಲ್ಲ. ಯಾವುದೋ ಊರಿನ ಜೋಪಡಿಯ ಬಾಗಿಲಲ್ಲಿ ನಿಂತು, ದ್ಯಾವೀರಮ್ಮ ಹೇಳಿದ್ದನ್ನೆಲ್ಲ ಕೇಳಿದಳು.

"ನಿಮ್ಮ ಕೋಳಿ ಯಾಕೆ ಸತ್ತಿತು ಅಂತ ಗೊತ್ತಾಯ್ತಲ್ಲ, ಒಳ್ಳೇದಾಯ್ತು ಕಣಮ್ಮ. ನನ್ನ ಕೂಸು ಎತ್ತಿಕೊಂಡು ನಾನು ಹೊರಟಾಗ ನಿಮ್ಮೂರು ಯಾಕೆ ಸತ್ತಿತ್ತು? ಅದನ್ನೂ ಕೊಯ್ದು ನೋಡಿ. ಆಮೇಲೆ ಕರೆಯೋಕೆ ಬನ್ನಿ."

ಬಾಗಿಲು ಹಾಕಿಕೊಂಡಳು.

ಅಲ್ಲಿ ಬಾಗಿಲು ಮುಚ್ಚಿತು, ಇಲ್ಲಿ ಕಥೆ ಮುಚ್ಚಿತು. ಏಳಿ ಮತ್ತೆ. ಕೋಳಿ ಇರುವವರು ಹೋಗಿ ಮಂಕರಿ ಎತ್ತಿ, ಇಲ್ಲದವರು ಹೋಗಿ ದೀಪ ಹಚ್ಚಿ.