ಮೂರು ಬೇಸಿಗೆ ಕರಗದ ಮೂಲೆ

ನಮ್ಮ ಬ್ಲೂಮೆನ್‌ಟಾಲ್ ಸಭೆಯ ಅಧ್ಯಕ್ಷರಾದ ಪಾದ್ರಿ ಎರ್ವಿನ್ ಯಾಂಟ್ಸೆನ್ ಅವರೇ, ಯುದ್ಧಕಾಲದ ಮುದುಕರ ಮಾತನ್ನು ಹಿಡಿದಿಡಲು ರೆಜೈನಾ ಪಟ್ಟಣದಿಂದ ಧ್ವನಿಮುದ್ರಣ ಯಂತ್ರ ಹೊತ್ತು ಬಂದಿರುವ ಮುಖ್ಯ ಅತಿಥಿಗಳಾದ ಕುಮಾರಿ ಹಾಲ್ಡೇನ್ ಅವರೇ, ಅಡುಗೆಮನೆಯಲ್ಲಿ ಬೋರ್ಷ್ಟ್ ಸಾರು ಕುದಿಸುತ್ತ ಬಾಗಿಲ ಸಂದಿನಿಂದ ಕಿವಿಗೊಟ್ಟಿರುವ ತಾಯಂದಿರೇ, ಮೂರನೆಯ ಸಾಲಿನಲ್ಲಿ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿರುವಂತೆ ಕಾಣುವ ನನ್ನ ಗೆಳೆಯ ಗೆರ್ಹಾರ್ಡ್ ಉನ್ರೂ ಅವರೇ, ಮೊದಲ ಸಾಲಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ನನ್ನ ಹೆಂಡತಿ ಜಸ್ಟೀನಾಳೇ, ಮತ್ತು ಸಮಸ್ತ ಸಭಿಕರೇ.

ಈ ಭಾಷಣದ ಮೇಜು ಅಲುಗಾಡುತ್ತಿದೆ. ದಯವಿಟ್ಟು ಯಾರೂ ಗಾಬರಿಯಿಂದ ಎದ್ದು ಬರಬೇಡಿ, ನಾನು ಅದನ್ನು ಮುಟ್ಟುವುದಿಲ್ಲ. ಮುಟ್ಟಿದರೆ ನಿಮಗೆಲ್ಲ ಎದೆ ಝಲ್ಲೆನ್ನುತ್ತದೆ ಎಂದು ನನಗೆ ಗೊತ್ತು. ಈ ಮೇಜಿನ ವಿಚಾರವನ್ನು ಆಮೇಲೆ ಹೇಳುತ್ತೇನೆ.

ಅಧ್ಯಕ್ಷರು ನನ್ನನ್ನು ಪರಿಚಯಿಸುತ್ತ, “ಮಹಾಯುದ್ಧದಲ್ಲಿ ಸರ್ಕಾರ ಗುಟ್ಟಾಗಿ ಮಾಡಿಸಲು ಹೊರಟ ಆಯುಧವನ್ನು ತಮ್ಮ ಒರಟು ಕೈಗಳಿಂದ ಕೆಡಿಸಿ ಶಾಂತಿಯನ್ನು ಕಾಪಾಡಿದ ಕೊರ್ನೀಲಿಯಸ್ ಪಂಕ್ರಾಟ್ಸ್” ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಫಲಕವನ್ನೂ ಕೊಟ್ಟಿರಿ. ‘ಆಯುಧ ಮಾಡಲಾರದ ಕೈಗಳಿಗೆ, ಕೃತಜ್ಞ ಸಭೆಯಿಂದ’ ಎಂದು ಕೆತ್ತಿಸಿದ್ದೀರಿ. ಓಕ್ ಮರ, ಒಳ್ಳೆಯ ಮರ. ಚೌಕಟ್ಟಿನ ಎಡಗಡೆ ಮೂಲೆಯ ಸಂದು ಒಂದು ಕೂದಲೆಳೆಯಷ್ಟು ಬಿಟ್ಟಿದೆ. ಇರಲಿ, ಅದನ್ನು ಹೇಳಲು ನಾನು ಯಾರು?

ನಾನು ಯಾರು? ಸಭಿಕರೇ, ಇವತ್ತಿನ ಪ್ರಶ್ನೆಯೇ ಅದು. ನಲವತ್ತು ವರ್ಷಗಳಿಂದ ಈ ಊರಿನಲ್ಲಿ ನಾನು ಕೈಲಾಗದ ಪುಣ್ಯಾತ್ಮ. ಐವತ್ತೊಂದರಲ್ಲಿ ಈ ಕಟ್ಟಡವನ್ನು ನಾವೇ ನಿಂತು ಕಟ್ಟಿದೆವು. ಎಲ್ಲರ ಕೈಗೂ ಸುತ್ತಿಗೆ ಬಂತು, ನನ್ನ ಕೈಗೆ ಕಾಫಿ ಕೆಟಲು ಬಂತು. “ಕೊರ್ನೀ, ನೀನು ಗೋಡೆ ಮುಟ್ಟಬೇಡಪ್ಪ, ದೇವರ ಮನೆ, ನೂರು ವರ್ಷ ನಿಲ್ಬೇಕು” ಎಂದರು. ನನ್ನದೇ ಮನೆಯ ಹಿಂಬಾಗಿಲು ಹಿಡಿದುಕೊಳ್ಳುತ್ತದೆ. ಅದನ್ನು ಕೆರೆಯಲು ಉಳಿ ತೆಗೆದರೆ ಜಸ್ಟೀನಾ ಕಣ್ಣಲ್ಲಿ ನೀರು ತುಂಬಿಕೊಂಡು, “ಬೇಡ ಬಿಡ್ರೀ, ಆ ಕೈ ಹಂಗೇ ಇದ್ದಿದ್ದಕ್ಕೇ ಎಷ್ಟೋ ಜನ ಬದುಕ್ಕೊಂಡ್ರು” ಎನ್ನುತ್ತಾಳೆ. ಆಮೇಲೆ ಪಕ್ಕದ ಊರಿನ ಬಡಗಿಯನ್ನು ಕರೆಸುತ್ತಾಳೆ. ಬಡಗಿ ಬಂದು ಕೆಡಿಸಿ ಹೋಗುತ್ತಾನೆ. ನಾನು ಕಾಫಿ ಕೊಡುತ್ತೇನೆ.

ಆದ್ದರಿಂದ ಕುಮಾರಿ ಹಾಲ್ಡೇನ್ ಅವರೇ, ನಿಮ್ಮ ಯಂತ್ರ ತಿರುಗುತ್ತಿದೆಯೇ ನೋಡಿಕೊಳ್ಳಿ. ನಡೆದದ್ದನ್ನು ಹೇಳುತ್ತೇನೆ.

ನಲವತ್ತೆರಡರಲ್ಲಿ ನನಗೆ ಇಪ್ಪತ್ತೊಂದು ವರ್ಷ. ಕೋವಿ ಹಿಡಿಯುವುದಿಲ್ಲ ಎಂದು ನಾಲ್ಕು ನೂರು ವರ್ಷಗಳಿಂದ ದೇಶ ದೇಶ ಅಲೆದವರ ಮಕ್ಕಳು ನಾವು. ನ್ಯಾಯಾಧೀಶರ ಮುಂದೆ ನಿಂತು ನಾನೂ ಅದನ್ನೇ ಹೇಳಿದೆ. ಅವರು ನನ್ನನ್ನೂ ಗೆರ್ಹಾರ್ಡನನ್ನೂ ಇನ್ನೂ ಹಲವು ಹುಡುಗರನ್ನೂ ಜಾಸ್ಪರ್‌ನ ಬೆಟ್ಟಗಳಿಗೆ ಸೈನ್ಯಸೇವೆಯ ಬದಲು ಮರ ಕಡಿಯಲು ಅಟ್ಟಿದರು. ಮರ ಕಡಿದೆವು. ನಲವತ್ಮೂರರ ಜನವರಿಯಲ್ಲಿ ಒಂದು ದಿನ ಇಂಗ್ಲೆಂಡಿನ ಎಂಜಿನಿಯರ್ ಟ್ರೆಂಚಮ್ ಎಂಬ ತೆಳ್ಳನೆಯ ಮನುಷ್ಯ ಬಂದು, “ಮರ ಸಾಕು, ಇನ್ಮೇಲೆ ಸರೋವರದ ಮೇಲೆ ಕೆಲಸ” ಎಂದ. ಏನು ಕೆಲಸ ಎಂದು ಕೇಳಿದೆವು. “ದೋಣಿಮನೆ” ಎಂದ. ಯಾತರಿಂದ ಎಂದು ಕೇಳಿದೆವು. ಅವನು ಕಾಲ ಕೆಳಗೆ ನೋಡಿದ. ನಾವೂ ನೋಡಿದೆವು. ಅಲ್ಲಿ ಮಂಜುಗಡ್ಡೆ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ನಗಬೇಡಿ. ಮಂಜುಗಡ್ಡೆಯನ್ನು ಇಟ್ಟಿಗೆಯಂತೆ ಕೊಯ್ದು ಜೋಡಿಸಿದೆವು. ನಡುವೆ ಕೊಳವೆಗಳು, ಕೊಳವೆಗಳಲ್ಲಿ ತಣ್ಣನೆಯ ಗಾಳಿ, ಅದನ್ನು ಊದಲು ಒಂದು ಪುಟಾಣಿ ಮೋಟಾರು. ಸುತ್ತ ಹಲಗೆ, ಒಳಗೂ ಹೊರಗೂ ಡಾಂಬರು. ಒಳಗೂ ಹೊರಗೂ ಡಾಂಬರು ಎಂದ ತಕ್ಷಣ ಬೈಬಲ್ ಓದಿದ ಹುಡುಗರಿಗೆ ಏನು ನೆನಪಾಗಬೇಕು? ಗೆರ್ಹಾರ್ಡ್ ನನ್ನ ಕಿವಿಯಲ್ಲಿ, “ಲೋ, ಇದು ನೋಹನ ನಾವೆ ಕಣೋ! ಸರ್ಕಾರಕ್ಕೆ ಪ್ರಳಯದ ಸುದ್ದಿ ಸಿಕ್ಕಿದೆ, ನಮಗೆ ಹೇಳ್ತಿಲ್ಲ” ಎಂದ. ಒಂದು ವಾರ ನಾವು ಪ್ರಾಣಿಗಳಿಗಾಗಿ ಕಾದೆವು. ಜೋಡಿ ಜೋಡಿಯಾಗಿ ಬಂದವರು ಎಂಜಿನಿಯರುಗಳು ಮಾತ್ರ.

ಗೆರ್ಹಾರ್ಡ್ ಕಣ್ಣು ಬಿಟ್ಟಿದ್ದಾರೆ. ಒಳ್ಳೆಯದು, ಸಾಕ್ಷಿ ಎಚ್ಚರವಾಗಿರಬೇಕು.

ನನಗೆ ವಾಯವ್ಯ ಮೂಲೆ ಸಿಕ್ಕಿತು. ಮೂಲೆ ಎಂದರೆ ಏನು ಎಂದು ಕೆಲಸ ಬಲ್ಲವರಿಗೆ ಗೊತ್ತು. ಗೋಡೆಯನ್ನು ಯಾರು ಬೇಕಾದರೂ ಎಬ್ಬಿಸಬಹುದು, ಮನುಷ್ಯನ ಯೋಗ್ಯತೆ ಗೊತ್ತಾಗುವುದು ಮೂಲೆಯಲ್ಲಿ. ಮರದ ಹೊಟ್ಟನ್ನು ನೀರಿನಲ್ಲಿ ಕಲಸಿ, ಸಂದಿಗೆ ತುಂಬಿ, ಹೆಪ್ಪುಗಟ್ಟುವ ಮುಂಚೆ ಬರಿಗೈಯಲ್ಲಿ ನಯ ಮಾಡಬೇಕು. ಕೈಗವಸು ಹಾಕಿದರೆ ಸಂದು ತಿಳಿಯುವುದಿಲ್ಲ. ಬರಿಗೈಯಲ್ಲಿ ಮಾಡಿದರೆ ಕೈಯೇ ತಿಳಿಯುವುದಿಲ್ಲ. ಅಯ್ಯೋ, ಆ ಕೆಲಸ ನನಗೆ ಎಷ್ಟು ಇಷ್ಟವಾಗಿತ್ತು!

ಏಪ್ರಿಲಿನಲ್ಲಿ ಗುಟ್ಟು ರಟ್ಟಾಯಿತು. ಅದು ದೋಣಿಮನೆಯಲ್ಲ, ಯುದ್ಧದ ಹಡಗಿನ ಮಾದರಿ. ಇದು ನಿಂತರೆ ಮುಂದೆ ಒಂದು ಊರಿನಷ್ಟು ದೊಡ್ಡ ಮಂಜಿನ ಹಡಗು ಕಟ್ಟಿ, ಅದರ ಮೇಲೆ ವಿಮಾನ ಇಳಿಸಿ, ಬಾಂಬು ಹೊತ್ತು ಹೋಗುವ ಯೋಜನೆ. ನಮ್ಮ ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಗರಗಸಗಳನ್ನು ಸಾಲಾಗಿ ನೆಲದ ಮೇಲಿಟ್ಟು ಮರದ ಕಡೆ ನಡೆದರು. ಎಲ್ಲರೂ ನಡೆದರು. ಇದು ಸತ್ಯ, ಇದಕ್ಕೆ ನೀವು ಚಪ್ಪಾಳೆ ತಟ್ಟಬಹುದು.

ಸಾಕು, ಸಾಕು. ಎಲ್ಲರೂ ನಡೆದರು ಎಂದೆ. ಒಬ್ಬ ಹಿಂದಿರುಗಿದ.

ನನ್ನ ಮೂಲೆಯಲ್ಲಿ ಒಂದು ಗೇಣು ಸಂದು ತುಂಬದೆ ಉಳಿದಿತ್ತು ಸ್ವಾಮಿ! ಅರ್ಧ ಬಿಟ್ಟು ಹೋಗುವುದು ಹೇಗೆ? ಗೆರ್ಹಾರ್ಡ್ ಕೂಗಿದ: “ಏಯ್ ಕೊರ್ನೀ, ಎಲ್ಲಿಗೋ?” ನಾನು, “ಟೋಪಿ ಮರೆತೆ” ಎಂದೆ. ಅವನು, “ತಲೆ ಮೇಲೇ ಇದೆಯಲ್ಲೋ” ಎಂದ. ನಾನು, “ಇನ್ನೊಂದು ಟೋಪಿ” ಎಂದೆ. ಅರ್ಧ ದಿನ ಕುಳಿತು ಆ ಸಂದನ್ನು ತುಂಬಿದೆ. ಅದು ಕೊಲ್ಲುವುದಕ್ಕೆ ಎಂದು ಗೊತ್ತಿದ್ದೂ ತುಂಬಿದೆ. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ನಾನು ಮತ್ತೇನನ್ನೂ ಮಾಡಿಲ್ಲ. ತಪ್ಪು ಮಾಡಿದವರು ಸಭೆಯ ಮುಂದೆ ನಿಂತು ಒಪ್ಪಿಕೊಳ್ಳುವುದು ನಮ್ಮ ಪದ್ಧತಿ. ಇದೋ ಒಪ್ಪಿಕೊಂಡೆ. ಪಶ್ಚಾತ್ತಾಪವೂ ಆಗಬೇಕಲ್ಲವೇ? ನಲವತ್ತು ವರ್ಷಗಳಿಂದ ಪ್ರಯತ್ನ ಮಾಡುತ್ತಿದ್ದೇನೆ. ಪ್ರತಿ ಸಲ ಮೊಣಕಾಲೂರಿ ಕಣ್ಣು ಮುಚ್ಚಿದರೆ ಆ ಸಂದು ಕಾಣಿಸುತ್ತದೆ. ಏನು ನಯ, ಏನು ನಯ!

ಆ ಬೇಸಿಗೆಗೆ ಮೇಲಿನವರು ಯೋಜನೆಯನ್ನೇ ಕೈಬಿಟ್ಟರು. ಮೋಟಾರು ಬಿಚ್ಚಿಕೊಂಡು ಹೋದರು. ಕಾರಣ ನಮಗೆ ಯಾರೂ ಹೇಳಲಿಲ್ಲ. ಆದರೆ ಊರಿಗೆ ಸುದ್ದಿ ಬರುವ ಹೊತ್ತಿಗೆ ಅದಕ್ಕೆ ರೆಕ್ಕೆಪುಕ್ಕ ಹುಟ್ಟಿತ್ತು. ಆಗ ನಮ್ಮ ಸಭೆಯ ಹಿರಿಯರಾಗಿದ್ದ ಐಸಾಕ್ ರೆಂಪೆಲ್ ಅವರು, ನಿಮಗೆಲ್ಲ ಗೊತ್ತಿರುವಂತೆ ಜಸ್ಟೀನಾಳ ತಂದೆ, ಪ್ರಸಿದ್ಧವಾದ ಆ ಪ್ರವಚನ ಮಾಡಿದರು: “ಶಾಂತಿಯ ಮಕ್ಕಳ ಕೈಗೆ ಆಯುಧ ಕಟ್ಟೋದು ಬರೋದಿಲ್ಲ! ಅವರು ಮುಟ್ಟಿದ್ದು ವಾರದಲ್ಲಿ ಕರಗಿಹೋಯ್ತು!” ಮೂರು ಊರುಗಳಲ್ಲಿ ಹೇಳಿದರು, ಪತ್ರಿಕೆಯಲ್ಲೂ ಅಚ್ಚಾಯಿತು. ಹೆಂಗಸರು ಅತ್ತರಂತೆ.

ನಲವತ್ನಾಲ್ಕರ ಜುಲೈಯಲ್ಲಿ ಹಿರಿಯರು ನಮ್ಮನ್ನು ಹರಸಲು ಶಿಬಿರಕ್ಕೇ ಬಂದರು. ಅಷ್ಟರಲ್ಲಾಗಲೇ ಜಸ್ಟೀನಾಳನ್ನು ಕೇಳಿದ್ದ ನನ್ನನ್ನು ಅವರು ಎರಡು ಸಲ ಬೇಡವೆಂದಿದ್ದರು. ಅವರು ಪೀಠೋಪಕರಣ ಮಾಡುವ ಕುಶಲ ಬಡಗಿ. “ಕೆಲಸ ಗೊತ್ತಿಲ್ದೋನಿಗೆ ಮಗಳನ್ನ ಕೊಡಲ್ಲ” ಎನ್ನುವುದು ಅವರ ಹಟ. ಬಂದವರು, “ಎಲ್ಲಪ್ಪಾ, ಆ ಹಡಗು ಮುಳುಗಿದ ಜಾಗ ತೋರಿಸು, ಅಲ್ಲಿ ನಿಂತು ಪ್ರಾರ್ಥನೆ ಮಾಡ್ತೀನಿ” ಎಂದರು. ನಾನು ಕರೆದುಕೊಂಡು ಹೋದೆ. ಏನು ಮಾಡಲಿ, ಹಿರಿಯರ ಮಾತು.

ಸಭಿಕರೇ, ಸುಡು ಬಿಸಿಲು. ನಮ್ಮಿಬ್ಬರ ಬೆನ್ನ ಮೇಲೂ ಬೆವರು. ಮೋಟಾರಿಲ್ಲ, ಕಾಯುವವರಿಲ್ಲ. ಎದುರಿಗೆ ಹಡಗು ತೇಲುತ್ತಿದೆ!

ಹಿರಿಯರು ಪಂಚೇಂದ್ರಿಯಗಳೂ ಒಟ್ಟಿಗೆ ಕೈಕೊಟ್ಟವರಂತೆ ಕುಳಿತು ಷೂ ಬಿಚ್ಚಿದರು. ಷರಾಯಿ ಮಡಚಿದರು. ನೀರಿಗಿಳಿದು ವಾಯವ್ಯ ಮೂಲೆಗೇ ಹೋಗಿ, ಸಡಿಲವಾಗಿದ್ದ ಒಂದು ಹಲಗೆಯನ್ನು ಸರಿಸಿ, ಚಾಕುವಿನ ಹಿಡಿಯಿಂದ ಕುಟ್ಟಿ ನೋಡಿದರು. ಸಂದಿನ ಉದ್ದಕ್ಕೂ ಹೆಬ್ಬೆರಳು ಎಳೆದರು. ಉಗುರು ತೂರಿಸಲು ನೋಡಿದರು, ತೂರಲಿಲ್ಲ.

“ಈ ಮೂಲೆ ಯಾರು ಮಾಡಿದ್ದು?”

“ನಾನೇ, ಹಿರಿಯರೇ.”

“ಯಾರು ಕಲಿಸಿದ್ರು?”

“ಯಾರೂ ಇಲ್ಲ. ಸಂದೇ ಹೇಳ್ತಾ ಹೋಯ್ತು.”

ಇನ್ನೊಂದು ಸಲ ಹೆಬ್ಬೆರಳು ಎಳೆದರು. “ಕೆಲಸ ಅಂದ್ರೆ ಇದು ಕಣಯ್ಯಾ” ಎಂದರು. ತಕ್ಷಣ ತಮ್ಮ ಸ್ಥಾನ ನೆನಪಾಗಿ ಕೆಮ್ಮಿದರು. “ಆದ್ರೆ ಕರಗಿಹೋಯ್ತು ಅಂತ ಹೇಳಿಬಿಟ್ಟಿದ್ದೀನಲ್ಲ.”

“ಮೂರು ಊರಲ್ಲಿ” ಎಂದೆ.

“ಪತ್ರಿಕೇಲೂ ಬಂದಿದೆ. ನೋಡು, ನಾನು ಹೇಳಿದ್ದು ಸುಳ್ಳಲ್ಲ. ಸ್ವಲ್ಪ ಬೇಗ ಹೇಳಿದ್ದೀನಿ, ಅಷ್ಟೆ. ಕರಗೇ ಕರಗುತ್ತೆ. ಅಲ್ಲೀವರೆಗೆ ನೀನು ಬಾಯಿ ಮುಚ್ಕೊಂಡಿರು. ಜಸ್ಟೀನಾನ ನಿನಗೇ ಕೊಡ್ತೀನಿ. ಆದ್ರೆ ಸುಳ್ಳಿರೋ ಮನೇಲಿ ಶುಭಕಾರ್ಯ ಮಾಡಬಾರ್ದು. ಇದು ಕರಗಿದ ದಿನ ಮದುವೆ ಗೊತ್ತು ಮಾಡೋಣ.”

ಕೇಳಿದಿರಾ? ನನ್ನ ಮದುವೆಗೂ ನನಗೂ ನಡುವೆ ಅಡ್ಡ ನಿಂತಿದ್ದು ನನ್ನದೇ ಮೂಲೆ! ಮಾಡಿದ್ದುಣ್ಣೋ ಮಹಾರಾಯ. ಆ ಚಳಿಗಾಲದಲ್ಲಿ ನನ್ನನ್ನು ಹೊಲದ ಕೆಲಸಕ್ಕೆ ಊರಿಗೆ ಕಳಿಸಿದರು. ಸರೋವರದ ಹತ್ತಿರದ ಅರಣ್ಯ ಕಾವಲುಗಾರ ತಿಂಗಳಿಗೊಂದು ಕಾಗದ ಬರೆಯುತ್ತಿದ್ದ. ಭಾನುವಾರದ ಊಟಕ್ಕೆ ಕುಳಿತಾಗ ಹಿರಿಯರು ಸಾಸೇಜಿನ ತಟ್ಟೆ ದಾಟಿಸುತ್ತ ಮೆಲ್ಲಗೆ, “ಏನಪ್ಪಾ, ನಿಜ ಆಯ್ತಾ?” ಎನ್ನುತ್ತಿದ್ದರು. ನಾನು, “ಇನ್ನೂ ಇಲ್ಲ ಹಿರಿಯರೇ, ದಕ್ಷಿಣದ ಕಡೆ ಸ್ವಲ್ಪ ನಿಜ ಆಗಿದೆ” ಎನ್ನುತ್ತಿದ್ದೆ. ಹಿರಿಯರು ನಿಟ್ಟುಸಿರು ಬಿಡುತ್ತಿದ್ದರು. ನಾನೂ ಬಿಡುತ್ತಿದ್ದೆ. ಅವರು ಸುಳ್ಳಿಗಾಗಿ, ನಾನು ಜಸ್ಟೀನಾಳಿಗಾಗಿ.

ಜಸ್ಟೀನಾ, ಆ ವರ್ಷ ನೀನು ಕೊಟ್ಟಿಗೆಯ ಹಿಂದೆ ನಿಂತು, “ಅಪ್ಪ ಯಾಕೆ ಮುಂದಕ್ಕೆ ಹಾಕ್ತಾನೇ ಇದ್ದಾರೆ? ನನ್ನಲ್ಲಿ ಏನು ಕೊರತೆ?” ಎಂದು ಅತ್ತಿದ್ದೆಯಲ್ಲ, ನಾನು ಕಡ್ಡಿ ಮುರಿಯುತ್ತ ನಿಂತಿದ್ದೆನಲ್ಲ. ನಿನ್ನಲ್ಲಿ ಯಾವ ಕೊರತೆಯೂ ಇರಲಿಲ್ಲ. ಮೂಲೆಯಲ್ಲಿಯೂ ಇರಲಿಲ್ಲ. ಅದೇ ತೊಂದರೆ.

ನಲವತ್ತೈದರ ಆಗಸ್ಟಿನಲ್ಲಿ, ಮೂರನೆಯ ಬೇಸಿಗೆಗೆ, ಕಾಗದ ಬಂತು: ಮುಳುಗಿತು. ಕೊನೆಗೆ ಹೋದದ್ದು ವಾಯವ್ಯ ಮೂಲೆಯಂತೆ. ಹಿರಿಯರು ಕಾಗದ ಓದಿ, ಮಡಚಿ, ಕನ್ನಡಕ ಒರೆಸಿಕೊಂಡು, “ದೇವರು ದೊಡ್ಡವನು, ಆದ್ರೆ ನಿಧಾನ” ಎಂದರು. ಅಕ್ಟೋಬರಿನಲ್ಲಿ ನಮ್ಮ ಮದುವೆಯಾಯಿತು. ಸಾಯುವ ಮುಂಚೆ ಹಿರಿಯರು ನನ್ನ ಕೈ ಹಿಡಿದು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಅದು ಆಶೀರ್ವಾದವೆಂದು ನೀವೆಲ್ಲ ತಿಳಿದಿರಿ. ಅವರು ಸಂದು ನೋಡುತ್ತಿದ್ದರು.

ಅವರು ಇರುವವರೆಗೆ ಬಾಯಿ ಮುಚ್ಚಿಕೊಂಡಿದ್ದೆ. ಹೋದ ಮೇಲೂ ಮುಚ್ಚಿಕೊಂಡಿದ್ದೆ. ತಂದೆ ಸುಳ್ಳು ಹೇಳಿದರೆಂದು ಮಗಳಿಗೆ ಯಾವ ಬಾಯಿಂದ ಹೇಳಲಿ? ಆದರೆ ಇವತ್ತು ಆ ಸುಳ್ಳನ್ನು ಓಕ್ ಮರದ ಮೇಲೆ ಕೆತ್ತಿಸಿ ಕೊಟ್ಟಿರಿ. ಆಯುಧ ಮಾಡಿದ ಪಾಪಿ ಎನ್ನಿ, ತಲೆ ಬಾಗಿಸುತ್ತೇನೆ. ಕೆಲಸ ಬಾರದವನು ಎನ್ನಬೇಡಿ. ಅವಳಪ್ಪ ಅವಳನ್ನು ಕೊಟ್ಟದ್ದು ಕೈಲಾಗದವನಿಗಲ್ಲ. ಇದು ಅವಳಿಗೆ ಗೊತ್ತಾಗಬೇಕು, ನಾನು ಸಾಯುವ ಮೊದಲು ಗೊತ್ತಾಗಬೇಕು. ನನಗೆ ಬೇಕಾದದ್ದು ಅಷ್ಟೇ.

ಅಧ್ಯಕ್ಷರೇ, ಈ ಫಲಕ ಹಿಂದಕ್ಕೆ ತೆಗೆದುಕೊಳ್ಳಿ. ಗೆರ್ಹಾರ್ಡ್ ಅವರಿಗೆ ಕೊಡಿ. ಅವರ ಮೂಲೆ ನಿಜವಾಗಿಯೂ ವಾರದಲ್ಲಿ ಕರಗಿತ್ತು. ಕೂಗಬೇಡ ಗೆರ್ಹಾರ್ಡ್, ನಾನೇ ನೋಡಿದ್ದೇನೆ.

ಜಸ್ಟೀನಾ, ಯಾಕೆ ಎದ್ದೆ? ಎಲ್ಲಿಗೆ ಹೊರಟೆ? ಚೀಲವನ್ನೂ ಬಿಟ್ಟು... ಸಭಿಕರೇ, ದಯವಿಟ್ಟು ಅವಳಿಗೆ ದಾರಿ ಬಿಡಿ. ಅಡುಗೆಮನೆಯ ಕಡೆ ಹೋದಳು. ಅಡುಗೆಮನೆಯ ಆಚೆಗೆ ಹಿಂಬಾಗಿಲಿದೆ, ಬಾಗಿಲ ಆಚೆಗೆ ನಮ್ಮ ಗಾಡಿ ಇದೆ, ಗಾಡಿಯ ಕೀಲಿ ಅವಳ ಕೋಟಿನ ಜೇಬಿನಲ್ಲಿದೆ. ನಾನು ಮಾತು ಮುಂದುವರಿಸುತ್ತೇನೆ. ಏನು ಹೇಳುತ್ತಿದ್ದೆ? ಈ ಮೇಜು. ಹೌದು, ಈ ಮೇಜಿನ ಬಲಗಾಲು ಕಾಲು ಅಂಗುಲ ಗಿಡ್ಡ. ಐವತ್ತೊಂದರಿಂದಲೂ ಗಿಡ್ಡ. ಪ್ರತಿ ಭಾನುವಾರ ಪ್ರವಚನ ಕೇಳುತ್ತಿದ್ದೇನೆಂದು ನೀವು ತಿಳಿದಿರಿ. ನಾನು ಕೇಳುತ್ತಿದ್ದದ್ದು ಆ ಕಾಲಿನ ಟಕಟಕ. ಒಂದು ಸೀಳು ಮರ, ಎರಡು ಮೊಳೆ ಸಾಕು. ಮೂವತ್ನಾಲ್ಕು ವರ್ಷಗಳಿಂದ ಯಾರೂ ನನ್ನನ್ನು ಕೇಳಲಿಲ್ಲ.

ಅಡುಗೆಮನೆಯಲ್ಲಿ ಡ್ರಾಯರು ಎಳೆದ ಸದ್ದು. ಬರುತ್ತಿದ್ದಾಳೆ.

ಸಭಿಕರೇ, ನನ್ನ ಹೆಂಡತಿಯ ಕೈಯಲ್ಲಿ ಸುತ್ತಿಗೆಯಿದೆ. ಕೆನ್ನೆ ಒದ್ದೆಯಾಗಿದೆ, ತುಟಿ ಅವಳಪ್ಪನ ಹಾಗೆ ಬಿಗಿಯಾಗಿದೆ. ಸುತ್ತಿಗೆ ಮೇಜಿಗೋ ನನಗೋ ಇನ್ನೂ ಗೊತ್ತಾಗುತ್ತಿಲ್ಲ. ಇನ್ನೊಂದು ಕೈಯನ್ನು ಬಿಚ್ಚುತ್ತಿದ್ದಾಳೆ... ಎರಡು ಮೊಳೆ.

ಮೇಜಿಗೆ.

ಸಮಯ ಕೊಟ್ಟ ಅಧ್ಯಕ್ಷರಿಗೆ, ಯಂತ್ರ ನಿಲ್ಲಿಸದ ಅತಿಥಿಗಳಿಗೆ, ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದ. ಮುಂದಿನ ಭಾಷಣಕಾರರು ಹತ್ತು ನಿಮಿಷ ಕಾಯಬೇಕು, ನನಗೆ ಕೆಲಸವಿದೆ. ನಮಸ್ಕಾರ.